ಮನೆಮುರುಕಿ ಎಂಬ ಮಾತು

ನಮ್ಮ ಮನೆಯಲ್ಲಿ ಬೈಗುಳಕ್ಕೇನೂ ಕೊರತೆ ಇರಲಿಲ್ಲ. ಹಾಲು ಕರೆಯುವಾಗ ಕಾಲು ಝಾಡಿಸುವ ಎಮ್ಮೆಗೆ ಒಂದು, ಒಣಹಾಕಿದ ಶೇಂಗಾಕ್ಕೆ ಬಾಯಿ ಹಾಕುವ ಪಕ್ಕದ ಮನೆಯ ಆಡಿಗೆ ಒಂದು, ಶಾಲೆಯಿಂದ ಬಂದು ಚೀಲವನ್ನು ಮೂಲೆಗೆ ಎಸೆಯುವ ನನಗೆ ಒಂದು ಎಂದು ಅಜ್ಜಿ ಹಂಚಿಕೊಟ್ಟಿದ್ದಳು. ಬೆಳಗ್ಗೆ ಬೈದದ್ದನ್ನು ಮಧ್ಯಾಹ್ನದ ಊಟದ ಹೊತ್ತಿಗೆ ಬೈದವರೂ ಬೈಸಿಕೊಂಡವರೂ ಮರೆತಿರುತ್ತಿದ್ದರು. ಆದರೆ ಒಂದು ಮಾತನ್ನು ಮಾತ್ರ ಆಕೆ ಮನೆಯೊಳಗೆ ಯಾರಿಗೂ ಆಡಗೊಡುತ್ತಿರಲಿಲ್ಲ. ಮನೆಮುರುಕ ಎಂಬ ಮಾತು. ಹೆಂಗಸಾದರೆ ಮನೆಮುರುಕಿ. ನಾನು ಅದನ್ನು ಮೊದಲು ಕೇಳಿದ್ದು ಜಗಳೂರಿನ ಬಸ್ ಸ್ಟ್ಯಾಂಡಿನಲ್ಲಿ, ಇಬ್ಬರು ಗಂಡಸರು ಕೊರಳಪಟ್ಟಿ ಹಿಡಿದುಕೊಂಡಿದ್ದಾಗ. ಮನೆಗೆ ಬಂದು ಹಾಗೆಂದರೇನು ಎಂದು ಅಜ್ಜಿಯನ್ನು ಕೇಳಿದೆ. ಆಕೆ ಅವರೆಕಾಯಿ ಸುಲಿಯುತ್ತಿದ್ದಳು, ಕೈ ನಿಲ್ಲಿಸಿದಳು.

"ಕದ್ದೋನು ಕಳ್ಳ. ಹೊರಗಿಂದ ಬಂದು ಬಡಿದೋನು ವೈರಿ. ಮನೆ ಅನ್ನ ತಿಂದು, ಒಳಗೇ ಇದ್ದು, ಆ ವೈರಿಗೆ ಚಿಲಕ ತೆಗೆದು ಕೊಟ್ಟೋನು ಮನೆಮುರುಕ. ಕಳ್ಳ ಸಿಕ್ಕಿದ್ರೆ ಎರಡು ಬಿಗಿದು ಬಿಡಬಹುದು. ಇವನಿಗೆ ಏನ್ ಮಾಡಾಕೆ ಬರ್ತೈತೆ? ಅದಕ್ಕೇ ಆ ಮಾತು ಆಡಬಾರ್ದು. ಒಮ್ಮೆ ಆಡಿದ್ರೆ ಅಂದೋರಿಗೂ ಅನ್ನಿಸಿಕೊಂಡೋರಿಗೂ ಒಂದೇ ಮನೇಲಿ ಊಟ ಇಳಿಯಲ್ಲ."

ಅದಾಗಿ ಒಂದೆರಡು ವರ್ಷಕ್ಕೆ ನಮ್ಮ ಅಪ್ಪ ಆ ಮಾತನ್ನು ಅವ್ವನಿಗೆ ಆಡಿದ.

ನಮ್ಮ ಊರು ಸೊಕ್ಕೆಯ ದಾರಿಯಲ್ಲಿದೆ. ಮಳೆ ನಂಬಿ ಜೋಳ, ಶೇಂಗಾ, ಮೆಕ್ಕೆಜೋಳ ಬೆಳೆಯುವ ಊರು. ಮನೆ ಮೊದಲು ಒಂದೇ ಆಗಿತ್ತು. ಅಪ್ಪ ಮತ್ತು ದೊಡ್ಡಪ್ಪ ಪಾಲಾದ ಮೇಲೆ ಪಡಸಾಲೆಯ ನಡುವೆ ಗೋಡೆ ಎದ್ದು ಎರಡಾಯಿತು. ಬೀದಿಯ ಕಡೆಗೆ ಎರಡು ಬಾಗಿಲು, ಎರಡು ಕಟ್ಟೆ. ಆದರೆ ಹಿಂದೆ, ಎರಡು ಅಡಿಗೆಮನೆಗಳ ಮಧ್ಯೆ, ಗೋಡೆಯಲ್ಲಿ ಒಂದು ಸಣ್ಣ ಬಾಗಿಲನ್ನು ಬಿಡಿಸಿದ್ದು ಅಜ್ಜಿಯ ಹಟ. ಆಕೆ ಹಗಲು ನಮ್ಮಲ್ಲಿ ಉಂಡು ರಾತ್ರಿ ದೊಡ್ಡಪ್ಪನ ಮನೆಯಲ್ಲಿ ಮಲಗುತ್ತಿದ್ದಳು. ಆ ಬಾಗಿಲು ಉಳಿಯಲು ಇನ್ನೊಂದು ಕಾರಣವೂ ಇತ್ತು. ಅವ್ವ ಮತ್ತು ದೊಡ್ಡವ್ವ ಒಡಹುಟ್ಟಿದವರು. ಸಂತೇಬೆನ್ನೂರಿನ ಕಡೆಯ ಒಂದು ಮನೆಯ ಅಕ್ಕ ತಂಗಿಯರನ್ನು ನಮ್ಮ ಮನೆಯ ಅಣ್ಣ ತಮ್ಮಂದಿರಿಗೆ ಒಂದೇ ಚಪ್ಪರದಲ್ಲಿ ಧಾರೆ ಎರೆದು ಕೊಟ್ಟಿದ್ದರು. ಅನ್ನದ ಸೀಮೆಯಿಂದ ರೊಟ್ಟಿಯ ಸೀಮೆಗೆ ಬಂದವರು. ಮೊದಲ ವರ್ಷ ಇಬ್ಬರೂ ರೊಟ್ಟಿ ತಟ್ಟಿ ಹರಿದುಕೊಂಡು, ಒಬ್ಬರನ್ನೊಬ್ಬರು ನೋಡಿ ನಕ್ಕಿದ್ದನ್ನು ಬಿಟ್ಟರೆ ಬೇರೇನೂ ನೆನಪಿಲ್ಲ ಎಂದು ಅವ್ವ ಹೇಳುತ್ತಿದ್ದಳು.

ಆ ಮದುವೆಯಲ್ಲಿ ತವರಿನವರು ಒಂದು ತಾಮ್ರದ ಕೊಪ್ಪರಿಗೆ ಕೊಟ್ಟಿದ್ದರು. ಇಬ್ಬರಿಗೂ ಸೇರಿ ಒಂದೇ. ದೊಡ್ಡದು, ಎರಡು ಬದಿಗೆ ಹಿಡಿಕೆ, ಇಬ್ಬರಿಲ್ಲದೆ ಎತ್ತಲಾಗದ್ದು. ಪಾಲಿನ ದಿನ ಹಿರಿಯರು ಕೂತು ಎತ್ತು, ಗಾಡಿ, ಕಣಜ, ಒರಳುಕಲ್ಲು ಎಲ್ಲವನ್ನೂ ಹಂಚಿದರು. ಕೊಪ್ಪರಿಗೆಯ ಸರದಿ ಬಂದಾಗ ಒಬ್ಬರು ಬಾಯಿ ತೆರೆಯುವಷ್ಟರಲ್ಲಿ ದೊಡ್ಡವ್ವ, "ಅದು ನಿಮ್ಮ ಮನೇದಲ್ಲ, ನಮ್ಮ ತವರಿಂದು. ಅದಕ್ಕೆ ಕೈ ಹಚ್ಚಬ್ಯಾಡ್ರಿ" ಅಂದಳಂತೆ. ಹಾಗಾಗಿ ಅದು ಪಾಲಾಗಲಿಲ್ಲ. ಜಾಗ ಹೆಚ್ಚಿದ್ದ ದೊಡ್ಡಪ್ಪನ ಮನೆಯ ಪಡಸಾಲೆಯ ಮೂಲೆಯಲ್ಲಿ ಬೋರಲು ಬಿದ್ದಿರುತ್ತಿತ್ತು. ನಮ್ಮ ಮನೆಗೆ ನೆಂಟರು ಹೆಚ್ಚಾದರೆ ನಾನೂ ದೊಡ್ಡಪ್ಪನ ಮಗ ಮಂಜನೂ ಒಂದೊಂದು ಹಿಡಿಕೆ ಹಿಡಿದು ಹಿಂದಿನ ಬಾಗಿಲಿನಿಂದ ತರುತ್ತಿದ್ದೆವು. ಊಟ ಮುಗಿದ ಮೇಲೆ ತೊಳೆದು ಹಾಗೆಯೇ ಒಯ್ದು ಕೊಡುತ್ತಿದ್ದೆವು. ದೊಡ್ಡಪ್ಪ ಹೊರಗಿನಿಂದ ಬಂದವನೇ ಹೆಗಲ ಟವೆಲನ್ನು ಮಡಚಿ ಆ ಬೋರಲು ಕೊಪ್ಪರಿಗೆಯ ಮೇಲಿಟ್ಟು, ಅದರ ಮೇಲೆ ಕನ್ನಡಕವಿಟ್ಟು, ಆಮೇಲೆ ಕಾಲು ತೊಳೆಯುತ್ತಿದ್ದ. ಇದನ್ನು ನಾವೆಲ್ಲರೂ ದಿನವೂ ನೋಡುತ್ತಿದ್ದೆವು. ನೋಡಿದ್ದರ ಅರ್ಥ ಏನೆಂದು ಅಪ್ಪನಿಗೆ ಹೊಳೆದದ್ದು ತೀರಾ ತಡವಾಗಿ.

ಊರಿನ ಹಾಲಿನ ಡೈರಿಗೆ ಚುನಾವಣೆ ಬಂತು. ದೊಡ್ಡಪ್ಪ ಬಹಳ ಕಾಲದಿಂದ ಅಲ್ಲಿ ಅಧ್ಯಕ್ಷನಾಗಿದ್ದ. ಕೆಟ್ಟದ್ದೇನೂ ಮಾಡಿರಲಿಲ್ಲ, ಹೊಸದೇನನ್ನೂ ಮಾಡಿರಲಿಲ್ಲ. ಕೆಳಗಿನ ಓಣಿಯ ಕೆಲವರು ಅಪ್ಪನನ್ನು ಎದುರು ನಿಲ್ಲಿಸಿದರು. ಅಣ್ಣನ ಎದುರು ನಿಲ್ಲುವುದು ಅಪ್ಪನಿಗೆ ಮೊದಲು ಮುಜುಗರ, ಆಮೇಲೆ ಉಮೇದು, ಕೊನೆಗೆ ಹಟ. ಹಾಲು ಅಳೆದು ಮುಗಿದ ಮೇಲೆ, ಮತ್ತೆ ಸಂಜೆಯ ಹಾಲು ಬರುವವರೆಗೆ ಜನಕ್ಕೆ ಬಿಡುವು. ಆ ಹೊತ್ತಿಗೆ ನಮ್ಮ ಮನೆಯಲ್ಲಿ ತನ್ನ ಕಡೆಯವರಿಗೆ ಊಟಕ್ಕೆ ಹೇಳಿ, ಉಣ್ಣುತ್ತಾ ಮಾತಾಡಿಕೊಳ್ಳುವುದು ಎಂದು ಅಪ್ಪ ಗೊತ್ತುಮಾಡಿದ. ಗುಟ್ಟಾಗಿ. ಒಬ್ಬೊಬ್ಬರಿಗೆ ಹೊಲದಲ್ಲೇ ಹೋಗಿ ಹೇಳಿ ಬಂದ. ಬರುವವರು ಒಟ್ಟಿಗೆ ಬರಬಾರದು, ಬಿಡಿಬಿಡಿಯಾಗಿ ಬರಬೇಕು. ಅವ್ವನಿಗೆ ಅಂದು ಬೆಳಗ್ಗೆ ಮಾತ್ರ ಹೇಳಿದ.

ಮೊದಲ ದಿನ ಜನ ಬರುವ ಹೊತ್ತಿಗೆ ಸರಿಯಾಗಿ ದೊಡ್ಡಪ್ಪ ತನ್ನ ಕಟ್ಟೆಯ ಮೇಲೆ ಕುರ್ಚಿ ಹಾಕಿಕೊಂಡು ಕೂತಿದ್ದ. ಬೈಯಲಿಲ್ಲ, ಕಣ್ಣು ಕೆಂಪು ಮಾಡಲಿಲ್ಲ. ಬಂದ ಪ್ರತಿಯೊಬ್ಬರನ್ನೂ ಹೆಸರು ಹಿಡಿದು ಮಾತಾಡಿಸಿದ.

"ಏನಪ್ಪಾ ರುದ್ರಪ್ಪ, ಎಮ್ಮೆ ಕಾಲು ಹೆಂಗೈತೆ? ಊಟಕ್ಕೆ ಬಂದ್ಯಾ? ಬಾ ಬಾ. ಅವರದು ಇನ್ನೂ ಅನ್ನ ಆಗಿರಾಕಿಲ್ಲ, ಅಲ್ಲೀತನಕ ಇಲ್ಲೇ ಒಂದು ಲೋಟ ಮಜ್ಜಿಗೆ ಕುಡಿ."

ರುದ್ರಪ್ಪ ಆ ಕಟ್ಟೆಗೆ ಹೋಗಿ ಮಜ್ಜಿಗೆ ಕುಡಿದ. ಅವನನ್ನು ನೋಡಿ ಹಿಂದೆ ಬಂದವನೂ ಕುಡಿದ. ಇನ್ನೊಬ್ಬ ದೂರದಿಂದಲೇ ಕುರ್ಚಿ ನೋಡಿ, ಏನೋ ಮರೆತವನಂತೆ ಜೇಬು ಮುಟ್ಟಿಕೊಂಡು ಬಂದ ದಾರಿಯಲ್ಲೇ ತಿರುಗಿದ. ಒಳಗೆ ಬಂದವರೂ ತಲೆ ತಗ್ಗಿಸಿ ಉಂಡು ಹೋದರೇ ಹೊರತು ಚುನಾವಣೆಯ ಮಾತೆತ್ತಲಿಲ್ಲ. ಇಬ್ಬರ ಮನೆಯ ಉಪ್ಪನ್ನೂ ಉಂಡ ಜನ, ಪಾಪ. ಎರಡನೆಯ ಸಲ ಅಪ್ಪ ದಿನ ಬದಲಿಸಿದ, ಹೊತ್ತು ಬದಲಿಸಿದ. ಕುರ್ಚಿ ಅಲ್ಲೇ ಇತ್ತು. ಈ ಸಲ ಮಜ್ಜಿಗೆಯ ಜೊತೆ ಮಂಡಕ್ಕಿ, ಮೆಣಸಿನಕಾಯಿ ಬೋಂಡವೂ ಇತ್ತು.

ಆ ದಿನ ಜನ ಹೋದ ಮೇಲೆ ನಾವು ಮನೆಯವರು ಉಣ್ಣಲು ಕೂತೆವು. ಕೊಪ್ಪರಿಗೆಯಲ್ಲಿ ಅರ್ಧಕ್ಕರ್ಧ ಅನ್ನ ಉಳಿದಿತ್ತು. ಅಪ್ಪ ತಟ್ಟೆಯನ್ನೇ ನೋಡುತ್ತಾ, ಯಾರಿಗೂ ಅಲ್ಲದಂತೆ ಮಾತು ಶುರುಮಾಡಿದ.

"ನಾನು ಹೊಲದಾಗೆ ಹೇಳಿದ್ದು. ಅವರ್ಯಾರೂ ಬಾಯಿ ಬಿಡೋ ಪೈಕಿ ಅಲ್ಲ. ಹಂಗಾದ್ರೆ ಸುದ್ದಿ ಇಲ್ಲಿಂದ್ಲೇ ಹೋಗ್ತೈತೆ."

"ಎಲ್ಲಿಂದ?" ಅಂದಳು ಅವ್ವ.

"ಆ ಬಾಗಿಲಿಂದ. ಅಕ್ಕನ ಮುಂದೆ ಹೇಳದಿದ್ರೆ ನಿನಗೆ ನಿದ್ದೆ ಬರಲ್ಲ, ಅಲ್ವಾ? ಮನೇಲಿ ಮನೆಮುರುಕಿ ಇಟ್ಕೊಂಡು ನಾನು ಊರಾಗೆ ವೋಟು ಕೇಳ್ತಾ ಅಲೀತೀನಿ."

ಅಜ್ಜಿ ತುತ್ತು ಎತ್ತಿದವಳು ಹಾಗೆಯೇ ತಟ್ಟೆಗಿಟ್ಟಳು. ನನಗೆ ಈಗಲೂ ಚೆನ್ನಾಗಿ ನೆನಪಿರುವುದು ಅವ್ವನ ಮುಖವಲ್ಲ, ಕೈ. ಅವಳು ಸಾರಿನ ಸೌಟು ಹಿಡಿದಿದ್ದಳು. ಅದನ್ನು ಚೆಲ್ಲದ ಹಾಗೆ ಪಾತ್ರೆಯೊಳಕ್ಕೆ ಇಳಿಸಿ, ಮುಚ್ಚಳ ಮುಚ್ಚಿ, ಸೆರಗಿಗೆ ಕೈ ಒರೆಸಿಕೊಂಡಳು. ಅಳಲಿಲ್ಲ.

ಆ ಹಿಂದಿನ ಬಾಗಿಲನ್ನು ದಿನಕ್ಕೆ ಎಷ್ಟು ಸಲವೋ ಅಜ್ಜಿ ದಾಟುತ್ತಿದ್ದಳು. ನಾನು ದಾಟುತ್ತಿದ್ದೆ, ಮಂಜ ದಾಟುತ್ತಿದ್ದ. ಅಪ್ಪನೇ ಎಷ್ಟೋ ಸಲ ಬೆಂಕಿಪೊಟ್ಟಣ ಕೇಳಲು ದಾಟುತ್ತಿದ್ದ. ನಮ್ಮ ಯಾರ ಮೇಲೂ ಅನುಮಾನ ಬೀಳಲಿಲ್ಲ. ಬಿದ್ದದ್ದು ಬೇರೆ ಊರಿಂದ ಬಂದವಳ ಮೇಲೆ. ಆ ಮಾತಿನ ಗುಣವೇ ಅದು ಎಂದು ನಾನು ತಿಳಿದದ್ದು ಆಮೇಲೆ, ಕೆಲಸಕ್ಕೆ ಸೇರಿದ ಮೇಲೆ. ಮನೆಯಲ್ಲಿ ಯಾರ ಜಾಗ ಇನ್ನೂ ಗಟ್ಟಿಯಾಗಿಲ್ಲವೋ ಅವರನ್ನೇ ಅದು ಮೊದಲು ಹುಡುಕಿಕೊಂಡು ಹೋಗುತ್ತದೆ.

"ಆ ಮಾತು ವಾಪಸ್ ತಗೊಳ್ರಿ," ಅಂದಳು ಅವ್ವ.

"ಯಾಕೆ ತಗೋಬೇಕು?"

"ಹೋಗ್ಲಿ, ಹಿಂಗೆ ಮಾಡ್ರಿ. ಇನ್ನೊಂದು ಊಟ ಇಟ್ಕೊಳ್ರಿ. ಅಲ್ಲೀತನಕ ನಾನು ಆ ಬಾಗಿಲು ದಾಟಲ್ಲ. ಅಕ್ಕನ ಮುಖ ನೋಡಲ್ಲ. ಆಗ್ಲೂ ಭಾವ ಕುರ್ಚಿ ಹಾಕಿದ್ರೆ?"

"ಹಾಕಿದ್ರೆ ಮಾತು ವಾಪಸ್."

"ಹಾಕದಿದ್ರೆ ನನ್ನ ನಮ್ಮ ಊರಿನ ಬಸ್ಸು ಹತ್ತಿಸ್ರಿ."

ಇದು ಬಾಯಿಮಾತಿಗೆ ಅಂದದ್ದಲ್ಲ ಎಂದು ನನಗೆ ಗೊತ್ತಾದದ್ದು ಮಾರನೆಯ ದಿನದಿಂದ. ಅವ್ವ ನಿಜವಾಗಿಯೂ ಬಾಗಿಲು ದಾಟಲಿಲ್ಲ. ಅಲ್ಲಿಯವರೆಗೆ ಎರಡು ಅಡಿಗೆಮನೆಗಳು ಒಂದೇ ಉಸಿರು ಎಂಬಂತೆ ನಡೆದಿದ್ದವು. ಇಲ್ಲಿ ಒಗ್ಗರಣೆ ಸಿಡಿದರೆ ಅಲ್ಲಿಂದ "ಕರಿಬೇವು ಐತೇನೇ?" ಎಂಬ ಪ್ರಶ್ನೆ. ಅಲ್ಲಿ ರೊಟ್ಟಿ ಬಡಿಯುವ ಸದ್ದು ನಿಂತರೆ ಇಲ್ಲಿಂದ "ಹಿಟ್ಟು ಮುಗೀತಾ ಅಕ್ಕಾ?" ಆ ವಾರ ಎರಡು ಕಡೆಯೂ ಬರೀ ರೊಟ್ಟಿಯ ಸದ್ದು. ದೊಡ್ಡವ್ವ ಒಮ್ಮೆ ಬಾಗಿಲ ತನಕ ಬಂದು, "ಗಿರಿಜಾ, ಹುಷಾರಿಲ್ಲೇನೇ?" ಎಂದು ಕೂಗಿದಳು. ಅವ್ವ ಒಲೆಗೆ ಪುಳ್ಳೆ ಮುರಿದು ಹಾಕುತ್ತಾ ಕೂತಿದ್ದಳೇ ಹೊರತು ಓಗೊಡಲಿಲ್ಲ. ದೊಡ್ಡವ್ವ ಸ್ವಲ್ಪ ಹೊತ್ತು ನಿಂತು ಹೋದಳು. ತವರಿನಿಂದ ತಂದಿದ್ದ ಟ್ರಂಕನ್ನು ಅವ್ವ ಅಟ್ಟದಿಂದ ಇಳಿಸಿ ಒರೆಸಿದ್ದನ್ನು ನಾನು ಶಾಲೆಯಿಂದ ಬಂದಾಗ ನೋಡಿದೆ. ಆ ರಾತ್ರಿ ನನಗೆ ಊಟ ಇಳಿಯಲಿಲ್ಲ. ಅಜ್ಜಿ ಹೇಳಿದ್ದು ನಿಜವಾಗಿತ್ತು.

ಮೂರನೆಯ ಊಟದ ದಿನ ಬೆಳಗ್ಗೆ ಅಪ್ಪ ಹಾಲು ಹಾಕಿ ಬಂದವನೇ ತಗ್ಗಿದ ದನಿಯಲ್ಲಿ ಹೇಳಿದ.

"ಇವತ್ತು ಜನ ಬರ್ತಾರೆ. ಈ ಸಲ ಜಾಸ್ತಿ."

"ಅಷ್ಟು ಜನಕ್ಕೆ ಅನ್ನ ಯಾತರಾಗೆ ಮಾಡ್ಲಿ?"

"ಕೊಪ್ಪರಿಗೆ ತಗೊಂಬಾ."

"ನಾನು ದಾಟಲ್ಲ ಅಂದೀನಿ. ನಿಮ್ಮ ಕೆಲಸ, ನೀವೇ ತರಿಸ್ರಿ."

ಅಪ್ಪ ನನ್ನನ್ನು ಕರೆದ. "ಹೋಗು, ಮಂಜನ್ನ ಕರ್ಕೊಂಡು ಕೊಪ್ಪರಿಗೆ ತಗೊಂಬಾ. ಯಾಕೆ ಅಂತ ಕೇಳಿದ್ರೆ ಯಾರಿಗೂ ಹೇಳಬ್ಯಾಡ."

ಯಾರೂ ಕೇಳಲಿಲ್ಲ. ನಾವು ಹಿಡಿಕೆಗೆ ಕೈ ಹಾಕುವ ಹೊತ್ತಿಗೆ ದೊಡ್ಡಪ್ಪ ಡೈರಿಯಿಂದ ಬಂದ. ಟವೆಲ್ ಮಡಚಿ ಇಡಲು ಕೈ ಚಾಚಿದವನು, ಕೊಪ್ಪರಿಗೆ ಮೇಲೇಳುತ್ತಿರುವುದನ್ನು ನೋಡಿ ಅದನ್ನು ಮತ್ತೆ ಹೆಗಲಿಗೆ ಹಾಕಿಕೊಂಡ. ಕನ್ನಡಕವನ್ನು ಜೇಬಿಗೆ ಸೇರಿಸಿದ.

"ಹುಷಾರು, ಹೊಸ್ತಿಲಿಗೆ ತಾಗಿಸಬ್ಯಾಡ್ರಿ. ಮೊನ್ನೆ ತಾನೇ ಕಲಾಯಿ ಹಾಕ್ಸೀವಿ," ಎಂದಷ್ಟೇ ಹೇಳಿದ. ಆಮೇಲೆ ಒಳಗೆ ತಿರುಗಿ ದೊಡ್ಡವ್ವನನ್ನು ಕೂಗಿದ: "ಲೇ ಗೌರಿ, ಮಜ್ಜಿಗೆ ಸ್ವಲ್ಪ ಜಾಸ್ತಿ ಕಡಿ."

ಮಧ್ಯಾಹ್ನ ಜನ ಬಂದರು. ಕಟ್ಟೆಯ ಮೇಲೆ ಕುರ್ಚಿಯೂ ಇತ್ತು, ದೊಡ್ಡಪ್ಪನೂ ಇದ್ದ. ಅಪ್ಪ ಬಾಗಿಲಲ್ಲಿ ನಿಂತು ಒಮ್ಮೆ ಹೊರಗೆ ನೋಡಿದ, ಒಮ್ಮೆ ಒಳಗೆ ನೋಡಿದ. ಅವ್ವ ಒಲೆಯ ಮುಂದೆ ಬೆವರೊರೆಸಿಕೊಳ್ಳುತ್ತಾ ಅನ್ನ ಬಸಿಯುತ್ತಿದ್ದಳು. ವಾರದಿಂದ ಆ ಬಾಗಿಲು ದಾಟಿರಲಿಲ್ಲ ಎಂಬುದಕ್ಕೆ ಇಡೀ ಮನೆಯೇ ಸಾಕ್ಷಿ. ಪಡಸಾಲೆಯಲ್ಲಿ ಕೂತಿದ್ದ ಅಜ್ಜಿ ಅಪ್ಪನನ್ನು ಕರೆದಳು. ಬಂದವರ ಎದುರಿಗೇ.

"ಬಸಣ್ಣ, ನಿಮ್ಮಣ್ಣ ಹೊರಗಿಂದ ಬಂದ್ರೆ ಟವೆಲ್ ಯಾತರ ಮೇಲೆ ಇಡ್ತಾನೆ?"

"ಯಾವ ಟವೆಲ್? ಈಗ ಅದೆಲ್ಲ ಯಾಕವ್ವ?"

"ಕೇಳಿದ್ದಕ್ಕೆ ಹೇಳು."

"ಕೊಪ್ಪರಿಗೆ ಮೇಲೆ."

"ಈಗ ಆ ಕೊಪ್ಪರಿಗೆ ಎಲ್ಲೈತೆ?"

ಅಪ್ಪ ಅಡಿಗೆಮನೆಯ ಕಡೆ ನೋಡಿದ.

"ಅದನ್ನ ಇಲ್ಲಿಗೆ ತರಿಸಿದ್ದು ಯಾರು?"

ಹೊರಗಿನ ಕಟ್ಟೆಯಿಂದ ದೊಡ್ಡಪ್ಪನ ದನಿ ಕೇಳಿಸಿತು. ಅವನಿಗೆ ಕಿವಿ ಚುರುಕು.

"ಲೋ ಬಸ್ಯಾ, ನನಗೆ ಟವೆಲ್ ಇಡಾಕೆ ಜಾಗ ಇಲ್ಲ ಅಂದ್ರೆ ನಿಮ್ಮನೇಲಿ ಪಂಕ್ತಿ ಊಟ ಅಂತ ತಾನೇ? ಇದನ್ನ ಹೇಳಾಕೆ ಪತ್ತೇದಾರ ಬೇಕೇನೋ?"

ರುದ್ರಪ್ಪನಿಗೆ ನಗು ತಡೆಯಲಾಗಲಿಲ್ಲ. ಅವನಿಂದ ಪಂಕ್ತಿಗೆಲ್ಲ ಹರಡಿತು. ಅಪ್ಪನ ಎಲ್ಲ ಗುಟ್ಟಿನ ಏರ್ಪಾಡಿನಲ್ಲಿ ಇದ್ದ ತಪ್ಪು ಇಷ್ಟೇ: ಊಟಕ್ಕೆ ಯಾರು ಬರಬೇಕು, ಯಾವ ದಾರಿಯಲ್ಲಿ ಬರಬೇಕು ಎಂದು ಯೋಚಿಸಿದ್ದ. ಆ ಊಟ ಯಾವ ಪಾತ್ರೆಯಲ್ಲಿ ಬೇಯುತ್ತದೆ ಎಂದು ಯೋಚಿಸಿರಲಿಲ್ಲ. ನಮ್ಮ ಕಡೆಯ ಗಂಡಸರು ಅದನ್ನು ಯೋಚಿಸುವುದಿಲ್ಲ.

ಅಜ್ಜಿ ನಗಲಿಲ್ಲ. ಜನ ಹೋದ ಮೇಲೆ ಅಪ್ಪನಿಗೆ ಇನ್ನೊಂದು ಪ್ರಶ್ನೆ ಕೇಳಿದಳು.

"ಅವಳು ಹೇಳಿದ್ಲು ಅಂತಾನೇ ಇಟ್ಕೋ. ಯಾರಿಗೆ ಹೇಳಿದ್ಲು? ನಿಮ್ಮಣ್ಣಂಗೆ. ಅವನು ಎಲ್ಲಿಯೋನು? ನನ್ನ ಹೊಟ್ಟೇಲಿ ಹುಟ್ಟಿದೋನು. ಇಷ್ಟುದ್ದ ಗೋಡೆ ಕಟ್ಟಿದೋರು ನೀವು. ಮುರಿದೋರು ಯಾರೋ ಹಂಗಾದ್ರೆ?"

ಅಪ್ಪ ಎದ್ದು ಹಿತ್ತಲಿಗೆ ಹೋದ. ಅವ್ವ ಅಲ್ಲಿ ಕೊಪ್ಪರಿಗೆ ತೊಳೆದು ಬೋರಲು ಹಾಕಿದ್ದಳು. ನಾನು ಮಂಜನನ್ನು ಕರೆಯಲು ಹೊರಟೆ. ಅಪ್ಪ ಬೇಡವೆಂದು ಕೈ ಮಾಡಿ, ಟವೆಲನ್ನು ಸಿಂಬೆ ಸುತ್ತಿ ತಲೆಗಿಟ್ಟು, ಕೊಪ್ಪರಿಗೆಯನ್ನು ಒಬ್ಬನೇ ಹೇಗೋ ಎತ್ತಿ ಹೊತ್ತ. ಹಿಂದಿನ ಬಾಗಿಲಿಗೆ ಹೋಗಲಿಲ್ಲ, ಬೀದಿಯ ಕಡೆ ತಿರುಗಿದ.

"ಹಿಂದ್ಲ ಬಾಗಿಲಿಂದ ಹೋಗ್ರಿ. ಜನ ನೋಡ್ತಾರೆ," ಅಂದಳು ಅವ್ವ.

"ನೋಡ್ಲಿ."

ನಾನು ಹಿಂದೆ ಹೋದೆ. ನಾಲ್ಕು ಹೆಜ್ಜೆಯ ದಾರಿ, ಆದರೆ ಎದುರು ಮನೆಯ ಕಟ್ಟೆಯ ಮೇಲೆ ಆ ಹೊತ್ತಿಗೆ ಯಾವಾಗಲೂ ಮಂದಿ ಇರುತ್ತಿದ್ದರು. ಅಪ್ಪ ದೊಡ್ಡಪ್ಪನ ಪಡಸಾಲೆಯ ಮೂಲೆಯಲ್ಲಿ ಕೊಪ್ಪರಿಗೆ ಇಳಿಸಿ, ಬೋರಲು ಹಾಕಿ, ದೊಡ್ಡವ್ವನ ಕಡೆ ತಿರುಗಿದ.

"ಅತ್ತಿಗೆ, ನಿಮ್ಮ ತಂಗೀಗೆ ನಾನು ಒಂದು ಮಾತು ಅಂದುಬಿಟ್ಟಿದ್ದೆ. ಅದನ್ನ ವಾಪಸ್ ತಗೊಂಡೀನಿ. ನೀವು ಅವಳಿಗೆ ಹೇಳ್ರಿ."

ದೊಡ್ಡವ್ವ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡಳು.

"ನಾನು ಆ ಮನೆ ಸುದ್ದಿ ಈ ಮನೆಗೆ, ಈ ಮನೆ ಸುದ್ದಿ ಆ ಮನೆಗೆ ಹೇಳೋ ಹೆಂಗಸಲ್ಲಪ್ಪ. ನೀವೇ ಹೇಳ್ಕೊಳ್ರಿ."

ಅಪ್ಪ ಬಂದು ಅಡಿಗೆಮನೆಯ ಹೊಸ್ತಿಲ ಹೊರಗೆ ನಿಂತು ಹೇಳಿದ. ಏನು ಹೇಳಿದ ಎಂದು ನನಗೆ ಕೇಳಿಸಲಿಲ್ಲ, ಹಾಗಾಗಿ ಬರೆಯುವುದಿಲ್ಲ. ಸ್ವಲ್ಪ ಹೊತ್ತಿಗೆ ಅವ್ವ ಹಿಂದಿನ ಬಾಗಿಲಲ್ಲಿ ನಿಂತು "ಅಕ್ಕಾ, ಕರಿಬೇವು ಐತಾ?" ಎಂದು ಕೂಗಿದ್ದು ಕೇಳಿಸಿತು. ನಮ್ಮ ಹಿತ್ತಲಲ್ಲೇ ಕರಿಬೇವಿನ ಗಿಡ ಇತ್ತು. ಟ್ರಂಕು ಮತ್ತೆ ಅಟ್ಟಕ್ಕೆ ಹೋಯಿತು.

ಸಂಜೆ ಹಾಲು ಅಳೆಯುವ ಹೊತ್ತಿಗೆ ಊರಲ್ಲಿ ಬೇರೆಯೇ ಸುದ್ದಿ ಹಬ್ಬಿತ್ತು. ಬಸಣ್ಣ ತಲೆ ಮೇಲೆ ಕೊಪ್ಪರಿಗೆ ಹೊತ್ತು ಅಣ್ಣನ ಮನೆಗೆ ಹೋದನಂತೆ, ಚುನಾವಣೆ ಬಿಟ್ಟುಕೊಟ್ಟನಂತೆ. ಅಪ್ಪ ಇಲ್ಲವೆಂದು ಎಷ್ಟು ಹೇಳಿದರೂ ಹೆಚ್ಚಿನವರು ನಂಬಲಿಲ್ಲ. ಚುನಾವಣೆ ನಡೆಯಿತು, ದೊಡ್ಡಪ್ಪ ಗೆದ್ದ. ಅಪ್ಪ ಕೊಪ್ಪರಿಗೆ ಹೊರದೆ ಇದ್ದಿದ್ದರೂ ದೊಡ್ಡಪ್ಪನೇ ಗೆಲ್ಲುತ್ತಿದ್ದನೋ ಏನೋ, ಅದಕ್ಕೆ ನನ್ನಲ್ಲಿ ಪುರಾವೆ ಇಲ್ಲ. ಅಂದು ಅಪ್ಪ ಡೈರಿಯಿಂದ ಬಂದು, ಕಾಲು ತೊಳೆದು, ಉಣ್ಣಲು ಕೂತ. ಮುಖ ಸಣ್ಣದಾಗಿತ್ತು.

"ಕೆಳಗಿನ ಓಣಿಯೋರು ನನಗೆ ಏನಂದ್ರು ಗೊತ್ತೇನೇ? ಒಳಗಿಂದೊಳಗೆ ಅಣ್ಣನ ಜತೆ ಸೇರ್ಕೊಂಡು ನಮಗೆ ಕೈ ಕೊಟ್ಟ ಮನೆಮುರುಕ ಅಂದ್ರು. ನನಗೆ!"

ಅವ್ವ ಅವನ ತಟ್ಟೆಗೆ ಬಿಸಿ ರೊಟ್ಟಿ ಹಾಕಿದಳು. ಬೆಣ್ಣೆ ಹಾಕಿದಳು. ಎದುರಿಗೆ ಕೂತಳು.

"ಹೆಂಗಾಯ್ತು ಕೇಳಿಸ್ಕೊಳ್ಳಾಕೆ?"

ಅಪ್ಪ ರೊಟ್ಟಿ ಮುರಿದ. ಆಮೇಲೆ ಇಬ್ಬರೂ ನಗಲು ಶುರುಮಾಡಿದರು. ಗೋಡೆಯಾಚೆಯಿಂದ ದೊಡ್ಡವ್ವ "ಏನಾತ್ರೇ? ನಮಗೂ ಹೇಳ್ರೇ" ಎಂದು ಕೂಗುವ ತನಕ ನಕ್ಕರು.

ನಾನು ಮುಂದೆ ಪತ್ರಿಕೆಯ ಕೆಲಸಕ್ಕೆ ಸೇರಿ, ಬಹುಕಾಲ ವರದಿ ತಿದ್ದುವ ಮೇಜಿನಲ್ಲೇ ಕೂತೆ. ಚನ್ನಗಿರಿಯಿಂದ, ಹೊನ್ನಾಳಿಯಿಂದ, ನ್ಯಾಮತಿಯಿಂದ ಬರುತ್ತಿದ್ದ ವರದಿಗಳಲ್ಲಿ ಆ ಮಾತು ಬೇರೆ ಬೇರೆ ಬಟ್ಟೆ ತೊಟ್ಟು ಬರುತ್ತಿತ್ತು. ಪಕ್ಷದ್ರೋಹಿ, ನಾಡದ್ರೋಹಿ, ಸಮಾಜದ್ರೋಹಿ, ಒಳಸಂಚುಗಾರ. ಈಗ ಫೋನಿನ ಗುಂಪುಗಳಲ್ಲಿ ಇನ್ನೂ ಬೇಗ ಓಡಾಡುತ್ತದೆ. ಹೊಸ ಹುಡುಗ ಹುಡುಗಿಯರು ಅದನ್ನು ತಮ್ಮದೇ ಮಾತೆಂಬಂತೆ ಬರೆದು ತಂದಾಗ ನಾನು ಎರಡು ಪ್ರಶ್ನೆ ಕೇಳುತ್ತಿದ್ದೆ. ಹಾಗೆಂದವರು ಯಾರು? ಯಾವ ಮನೆ ಮುರಿಯಿತು? ಮೊದಲನೆಯದಕ್ಕೆ ಉತ್ತರ ಸಿಕ್ಕರೆ ಮಾತನ್ನು ಅಂದವರ ಹೆಸರಿನೊಂದಿಗೆ ಉದ್ಧರಣ ಚಿಹ್ನೆಯೊಳಗೆ ಇಡುತ್ತಿದ್ದೆ. ಎರಡನೆಯದಕ್ಕೆ ಉತ್ತರ ಬಹಳ ಸಲ ಸಿಗುತ್ತಿರಲಿಲ್ಲ. ನಿಜವಾದ ಮನೆಮುರುಕರು ಇಲ್ಲವೆಂದಲ್ಲ. ಇದ್ದಾರೆ, ಕೆಲವರ ಬಗ್ಗೆ ಪುರಾವೆ ಸಮೇತ ನಾವೇ ಬರೆದಿದ್ದೇವೆ. ಆಗಲೂ ಅವರು ಯಾವ ಚಿಲಕ ತೆಗೆದರು ಎಂದು ಬರೆದೆವು, ಆ ಹೆಸರಿಡುವ ಕೆಲಸವನ್ನು ಓದುಗರಿಗೆ ಬಿಟ್ಟೆವು. ಇದನ್ನು ಎಲ್ಲಿ ಕಲಿತಿರಿ ಎಂದು ಒಬ್ಬಳು ಕೇಳಿದ್ದಳು. ಊಟದ ಹೊತ್ತಿನಲ್ಲಿ ಎಂದೆ. ಅವಳು ಕ್ಯಾಂಟೀನ್ ಎಂದುಕೊಂಡಳು.

ಅಜ್ಜಿ, ದೊಡ್ಡಪ್ಪ, ಅಪ್ಪ ಈಗ ಇಲ್ಲ. ಮಂಜ ಎರಡೂ ಮನೆಗಳನ್ನು ನೋಡಿಕೊಳ್ಳುತ್ತಾನೆ. ಅವನ ಮಕ್ಕಳು ಸೊಸೆಯರು ಸೇರಿ ನಡುವಿನ ಗೋಡೆ ಒಡೆಸಿ ಪಡಸಾಲೆಯನ್ನು ಮತ್ತೆ ಒಂದು ಮಾಡಿದ್ದಾರೆ. ಅಕ್ಕ ತಂಗಿಯರಿಬ್ಬರೂ ಒಂದೇ ಅಡಿಗೆಮನೆಯಲ್ಲಿ ಕೂತು ಸೊಸೆಯಂದಿರ ರೊಟ್ಟಿಯಲ್ಲಿ ಹುಳುಕು ಹುಡುಕುತ್ತಾರೆ. ಕೊಪ್ಪರಿಗೆ ಅದೇ ಮೂಲೆಯಲ್ಲಿದೆ, ಅದರ ಮೇಲೆ ಈಗ ಮಂಜನ ಹೆಲ್ಮೆಟ್ ಇರುತ್ತದೆ. ಕಳೆದ ಯುಗಾದಿಗೆ ಹೋದಾಗ ಅವ್ವ ಬೇವು ಬೆಲ್ಲ ಕಲೆಸುತ್ತಿದ್ದಳು. ಅಟ್ಟದ ಮೇಲಿನ ಪಾತ್ರೆಗಳ ಸಾಲಿನಲ್ಲಿ, ಹಳೆಯ ಕಾಲದ ಎರಡು ದೊಡ್ಡ ಹಿತ್ತಾಳೆ ಪಾತ್ರೆಗಳು ನನ್ನ ಕಣ್ಣಿಗೆ ಬಿದ್ದವು. ನಮ್ಮ ಪಾಲಿಗೆ ಬಂದಿದ್ದವು, ಯಾವಾಗಲೂ ನಮ್ಮಲ್ಲೇ ಇದ್ದವು. ಅಪ್ಪನ ಆ ಗುಟ್ಟಿನ ಊಟಗಳಿಗೆ ಅವೆರಡೂ ಸೇರಿದರೆ ಸಾಕಾಗುತ್ತಿತ್ತು. ಇಷ್ಟು ವರ್ಷ ನಾನು ಇದನ್ನು ಯೋಚಿಸಿರಲಿಲ್ಲ.

"ಅವ್ವ, ಅವತ್ತು ಅನ್ನ ಇವೆರಡರಾಗೇ ಮಾಡಬಹುದಿತ್ತಲ್ಲ? ಕೊಪ್ಪರಿಗೆ ಯಾಕೆ ಬೇಕಿತ್ತು?"

ಅವ್ವ ಅಟ್ಟದ ಕಡೆ ನೋಡಿದಳು. ದೊಡ್ಡವ್ವ ಅವ್ವನ ಕಡೆ ನೋಡಿದಳು. ಆಮೇಲೆ ಅವ್ವ ಒಂದು ಚಿಟಿಕೆ ಬೇವು ಬೆಲ್ಲ ನನ್ನ ಅಂಗೈಗೆ ಹಾಕಿದಳು.

"ಎರಡೆರಡು ಪಾತ್ರೆ ತೊಳೆಯೋರು ಯಾರೇ?"

ಅಂದವರ ಮಾತನ್ನು ಅಂದಂತೆಯೇ ಬರೆದಿದ್ದೇನೆ.